ನೀರು ಬಿಡದ ಕೆನೆಕೆನೆ ಕೋಲ್‌ಸ್ಲಾ

ಕೋಸಂಬರಿ ಮಾಡುವವರಿಗೆಲ್ಲ ಗೊತ್ತಿರುವ ಮಾತು: ಉಪ್ಪನ್ನು ಎಲೆಗೆ ಬಡಿಸುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಕೋಲ್‌ಸ್ಲಾಗೆ ಇದು ಪೂರ್ತಿ ಉಲ್ಟಾ. ಉಪ್ಪು ಮೊದಲೇ ಬೀಳಬೇಕು, ಕೋಸು ಮೊದಲೇ ನೀರು ಬಿಡಬೇಕು, ಆ ನೀರನ್ನು ಹಿಂಡಿ ಚೆಲ್ಲಿದ ಮೇಲೆಯೇ ಮಯೋನೀಸ್ ಸೇರಬೇಕು. ಎಲೆಕೋಸಿನ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಹಸಿ ಕೋಸಿಗೆ ನೇರವಾಗಿ ಮಯೋನೀಸ್ ಕಲಸಿದರೆ, ಮಯೋನೀಸಿನಲ್ಲಿರುವ ಉಪ್ಪು ಆ ನೀರನ್ನು ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಬಟ್ಟಲ ತಳದಲ್ಲಿ ಹಾಲುನೀರು ನಿಂತು, ಮೇಲೆ ರುಚಿಯಿಲ್ಲದ ಕೋಸು ಉಳಿಯುತ್ತದೆ.

ಹೆಸರು ಡಚ್ ಭಾಷೆಯದು. ಅಲ್ಲಿ ‘ಕೋಲ್’ ಎಂದರೆ ಕೋಸು, ‘ಸ್ಲಾ’ ಎಂದರೆ ಸಲಾಡ್. ಹಾಗಾಗಿ ಕೋಸೇ ಇಲ್ಲಿ ಮುಖ್ಯ. ಕ್ಯಾರೆಟ್, ಈರುಳ್ಳಿ ಎಲ್ಲ ಜೊತೆಗಷ್ಟೇ.

ನಾಲ್ಕೈದು ಜನಕ್ಕೆ ಬೇಕಾಗುವುದು

ಹೆಚ್ಚಿದ ಎಲೆಕೋಸು 500 ಗ್ರಾಂ, ಅಂದರೆ ಮುಕ್ಕಾಲು ಕೆಜಿ ತೂಗುವ ಒಂದು ಗೆಡ್ಡೆಯಿಂದ ದಂಟು, ಹೊರಗಿನ ಎಲೆ ತೆಗೆದ ಮೇಲೆ ಉಳಿಯುವಷ್ಟು. ಕ್ಯಾರೆಟ್ ಒಂದು ದೊಡ್ಡದು. ಈರುಳ್ಳಿ ಅರ್ಧ, ಇಷ್ಟವಿದ್ದರೆ ಮಾತ್ರ. ಉಪ್ಪು ತಲೆ ಸವರಿದ ಒಂದು ಟೀ ಚಮಚ. ಸಕ್ಕರೆ ಎರಡು ಟೀ ಚಮಚ. ಮಯೋನೀಸ್ 100 ಗ್ರಾಂ, ಗಟ್ಟಿ ಮೊಸರು 60 ಗ್ರಾಂ. ನಿಂಬೆರಸ ಅಥವಾ ಬಿಳಿ ವಿನೆಗರ್ ಮೂರು ಟೀ ಚಮಚ. ಸಾಸಿವೆ ಪುಡಿ ಕಾಲು ಟೀ ಚಮಚ, ಆಗಷ್ಟೇ ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ.

ಸಕ್ಕರೆಯ ಜಾಗಕ್ಕೆ ಬೆಲ್ಲ ಬೇಡ. ಮಂಡ್ಯದ ಬೆಲ್ಲ ಎಷ್ಟೇ ಒಳ್ಳೆಯದಿದ್ದರೂ ಅದರ ವಾಸನೆ ಮಯೋನೀಸಿಗೆ ಹೊಂದುವುದಿಲ್ಲ, ಬಣ್ಣವೂ ಮಾಸುತ್ತದೆ.

ಕೋಸು ಆರಿಸುವುದು, ತೊಳೆಯುವುದು

ದೇವರಾಜ ಮಾರುಕಟ್ಟೆಯಲ್ಲಾಗಲಿ ಬೀದಿಯ ಗಾಡಿಯಲ್ಲಾಗಲಿ, ಒಂದೇ ಗಾತ್ರದ ಎರಡು ಕೋಸನ್ನು ಎರಡು ಕೈಯಲ್ಲಿ ಹಿಡಿದು ನೋಡಿ. ಭಾರ ಇರುವುದು ತೆಗೆದುಕೊಳ್ಳಿ. ಹೆಬ್ಬೆರಳಿನಲ್ಲಿ ಒತ್ತಿದರೆ ತಗ್ಗಬಾರದು. ಬುಡ ಕತ್ತರಿಸಿದ ಜಾಗ ಬೆಳ್ಳಗೆ, ಹಸಿಯಾಗಿ ಇರಬೇಕು. ಅದು ಕಂದಿ ಒಣಗಿದ್ದರೆ ಕೊಯ್ದು ಬಹಳ ದಿನ ಆಗಿದೆ ಎಂದರ್ಥ, ಅಂಥ ಕೋಸು ಹಸಿಯಾಗಿ ತಿಂದರೆ ಘಾಟು. ಪಲ್ಯಕ್ಕಾದರೆ ನಡೆಯುತ್ತದೆ, ಇದಕ್ಕೆ ಬೇಡ. ಕ್ಯಾರೆಟ್ ಊಟಿಯದು ಸಿಕ್ಕರೆ ಒಳ್ಳೆಯದು. ಕೆಂಪು ನಾಟಿ ಕ್ಯಾರೆಟ್ ಬಣ್ಣ ಬಿಟ್ಟು ಎಲ್ಲವನ್ನೂ ಗುಲಾಬಿ ಮಾಡುತ್ತದೆ. ನೇರಳೆ ಕೋಸಿನದೂ ಅದೇ ಕಥೆ, ಹಾಕಲೇಬೇಕೆಂದರೆ ಬಡಿಸುವಾಗ ಮೇಲೆ ಉದುರಿಸಿ.

ಹಸಿಯಾಗಿ ತಿನ್ನುವುದರಿಂದ ಹುಳುವಿನ ಬಗ್ಗೆ ಸಸಾರ ಬೇಡ. ಹೊರಗಿನ ಎರಡು ಮೂರು ಎಲೆ ಕಿತ್ತುಹಾಕಿ, ಗೆಡ್ಡೆಯನ್ನು ನಾಲ್ಕು ಹೋಳು ಮಾಡಿ, ಉಪ್ಪು ಅರಿಶಿನ ಬೆರೆಸಿದ ನೀರಿನಲ್ಲಿ 15 ನಿಮಿಷ ಮುಳುಗಿಸಿಡಿ. ಆಮೇಲೆ ನಲ್ಲಿಯ ಕೆಳಗೆ ಎಲೆಗಳ ಸಂದು ಬಿಡಿಸಿ ತೊಳೆದು, ಕೊಯ್ದ ಮುಖ ಕೆಳಗೆ ಬರುವಂತೆ ಜರಡಿಯ ಮೇಲೆ ಅರ್ಧ ಗಂಟೆ ಸೋರಲು ಬಿಡಿ. ತೊಳೆಯುವ ಕೆಲಸ ಹೋಳಿನಲ್ಲೇ ಮುಗಿಯಬೇಕು. ಹೆಚ್ಚಿದ ಮೇಲೆ ತೊಳೆದರೆ ಪ್ರತಿ ಎಳೆಗೂ ನೀರು ಅಂಟಿಕೊಳ್ಳುತ್ತದೆ, ಅದನ್ನು ಒರೆಸಿ ತೆಗೆಯುವುದು ಆಗದ ಮಾತು.

ಹೆಚ್ಚುವುದು, ಹಿಂಡುವುದು

ನಡುವಿನ ಗಟ್ಟಿ ದಂಟು ಓರೆಯಾಗಿ ಕೊಯ್ದು ತೆಗೆಯಿರಿ. ಉಳಿದದ್ದನ್ನು ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಎಳೆಗಳಾಗಿ ಹೆಚ್ಚಿ. ಈಳಿಗೆಮಣೆಯ ಮೇಲೆ ಪಳಗಿದ ಕೈಗೆ ಇದು ಚಾಕುವಿಗಿಂತ ಸಲೀಸು. ಎಲೆಯ ನರ ತುಂಡಾಗುವಂತೆ ಅಡ್ಡಕ್ಕೆ ಕೊಯ್ದರೆ ಅಗಿಯಲು ಮೃದು. ಮಿಕ್ಸಿಗೆ ಹಾಕಬೇಡಿ, ತುರಿಯಲೂ ಬೇಡಿ, ಕೋಸು ಜಜ್ಜಿ ರಸವಾಗುತ್ತದೆ. ಕ್ಯಾರೆಟ್ಟನ್ನು ಮಾತ್ರ ದೊಡ್ಡ ತೂತಿನ ತುರಿಮಣೆಯಲ್ಲಿ ತುರಿಯಬಹುದು. ಈರುಳ್ಳಿ ಹಾಕುವುದಾದರೆ ತೆಳ್ಳಗೆ ಸೀಳಿ, ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು ಒತ್ತಿ ತೆಗೆಯಿರಿ, ಖಾರ ತಗ್ಗುತ್ತದೆ.

ಈಗ ಕೋಸು, ಕ್ಯಾರೆಟ್ ಎರಡನ್ನೂ ಅಗಲವಾದ ಪಾತ್ರೆಗೆ ಹಾಕಿ, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಸಕ್ಕರೆ ಉದುರಿಸಿ ಬೆರಳ ತುದಿಯಲ್ಲಿ ಕಲೆಸಿ. ಹಿಚುಕಬೇಡಿ. ಮೊದಲ ಹತ್ತು ನಿಮಿಷ ಏನೂ ಆಗಿಲ್ಲ ಎನಿಸುತ್ತದೆ. ಆಮೇಲೆ ಎಳೆಗಳ ಮೇಲೆ ಬೆವರಿನಂತೆ ಹನಿ ಮೂಡುತ್ತವೆ, ನೆಟ್ಟಗಿದ್ದ ತುದಿಗಳು ಬಾಗುತ್ತವೆ. ಒಂದು ಗಂಟೆಗೆ ರಾಶಿ ಇಳಿದಿರುತ್ತದೆ, ಪಾತ್ರೆ ಓರೆ ಮಾಡಿದರೆ ತಳದಲ್ಲಿ ನೀರು ಹರಿಯುತ್ತದೆ. ಒಂದು ಎಳೆ ಎತ್ತಿ ಬೆರಳಿಗೆ ಸುತ್ತಿ ನೋಡಿ. ಮುರಿಯದೆ ಸುತ್ತಿಕೊಂಡು, ಹಲ್ಲಿಗೆ ಇನ್ನೂ ಕರುಂ ಎಂದರೆ ಹದ ಸರಿ. ಸುತ್ತುವಾಗ ಪಟ್ಟನೆ ಮುರಿದರೆ ಇನ್ನೂ ಕಾಲು ಗಂಟೆ ಬಿಡಿ.

ಒಗೆದ ತೆಳು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ನೀರು ಧಾರೆಯಾಗಿ ಬರುವುದು ನಿಂತು ಹನಿಗೆ ಇಳಿದಾಗ ಸಾಕು. ಇನ್ನೂ ತಿರುಚಿದರೆ ಎಳೆಗಳು ನಾರಾಗುತ್ತವೆ. ಹಿಂಡಿದ ಮೇಲೆ ರುಚಿ ನೋಡಿ. ಉಪ್ಪು ಮುಂದಾಗಿದ್ದರೆ ಒಂದೇ ಸಲ ತಣ್ಣೀರಿನಲ್ಲಿ ಅದ್ದಿ ಮತ್ತೆ ಹಿಂಡಿ. ಅವಸರಕ್ಕೆ ಈ ಒಂದು ಗಂಟೆಯನ್ನು ಬಿಟ್ಟರೆ ಮುಂದೆ ಯಾವ ಮಯೋನೀಸ್ ಹಾಕಿದರೂ ಪ್ರಯೋಜನವಿಲ್ಲ.

ಮಯೋನೀಸ್ ಮತ್ತು ಮೊಸರು

ಅಂಗಡಿಯ ಮೊಟ್ಟೆಯಿಲ್ಲದ ಮಯೋನೀಸ್ ಆಗುತ್ತದೆ, ಆದರೆ ಸಿಹಿ ಜಾಸ್ತಿಯಿದ್ದರೆ ಸಕ್ಕರೆ ಕಡಿಮೆ ಮಾಡಿ. ಮನೆಯಲ್ಲಿ ಮಾಡುವುದಾದರೆ ಹಾಲಿನದೇ ಮಾಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರುವ ಅಪಾಯವಿದೆ. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ಒಂದೊಂದು ವರ್ಷ ನಿಷೇಧಿಸಿದ್ದೇ ಈ ಕಾರಣಕ್ಕೆ.

ಕಾಯಿಸಿ ಆರಿಸಿ, ಕೆನೆ ತೆಗೆದು, ಫ್ರಿಜ್ಜಿನಲ್ಲಿ ತಣ್ಣಗಾದ ಗಟ್ಟಿ ಹಾಲು 100 ಮಿಲಿ. ಸೂರ್ಯಕಾಂತಿ ಎಣ್ಣೆ 200 ಮಿಲಿ. ಮಿಕ್ಸಿಯ ಚಟ್ನಿ ಜಾರನ್ನೂ 20 ನಿಮಿಷ ಫ್ರಿಜ್ಜಿನಲ್ಲಿಡಿ, ಬ್ಲೇಡ್ ತಿರುಗುವ ಬಿಸಿಗೇ ಮಿಶ್ರಣ ಒಡೆಯುವುದುಂಟು. ಹಾಲಿಗೆ ಅರ್ಧ ಟೀ ಚಮಚ ಸಾಸಿವೆ ಪುಡಿ, ಕಾಲು ಟೀ ಚಮಚ ಉಪ್ಪು ಸೇರಿಸಿ ಹತ್ತು ಸೆಕೆಂಡ್ ತಿರುಗಿಸಿ. ಆಮೇಲೆ ಎಣ್ಣೆಯನ್ನು ಒಂದು ಸಲಕ್ಕೆ ಎರಡು ದೊಡ್ಡ ಚಮಚದಷ್ಟು ಹಾಕಿ, ಪ್ರತಿ ಸಲವೂ ಹತ್ತು ಸೆಕೆಂಡ್. ಅರ್ಧ ಎಣ್ಣೆ ಮುಗಿಯುವವರೆಗೂ ತೆಳ್ಳಗೇ ಇರುತ್ತದೆ, ಗಾಬರಿ ಬೇಡ. ಕೊನೆಕೊನೆಗೆ ಜಾರಿನ ಸದ್ದು ಬದಲಾಗಿ ಭಾರವಾಗುತ್ತದೆ. ಆಗ ಎರಡು ಟೀ ಚಮಚ ನಿಂಬೆರಸ ಹಾಕಿ ಒಮ್ಮೆ ತಿರುಗಿಸಿದರೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹಾಲಿನ ಪ್ರೋಟೀನ್ ಎಣ್ಣೆಯ ಸಣ್ಣ ಹನಿಗಳನ್ನು ಸುತ್ತುವರಿದು ಮತ್ತೆ ಕೂಡದಂತೆ ಹಿಡಿಯುವುದರಿಂದ ಈ ಗಟ್ಟಿತನ. ಎಣ್ಣೆ ಒಂದೇ ಸಲ ಸುರಿದರೆ ಹನಿಗಳು ದೊಡ್ಡದಾಗೇ ಉಳಿದು ಒಡೆಯುತ್ತದೆ. ಒಡೆದದ್ದನ್ನು ಎಸೆಯಬೇಡಿ. ತೊಳೆದೊರೆಸಿದ ಜಾರಿಗೆ ಎರಡು ದೊಡ್ಡ ಚಮಚ ತಣ್ಣನೆ ಹಾಲು ಹಾಕಿ, ಒಡೆದದ್ದನ್ನೇ ಚಮಚ ಚಮಚವಾಗಿ ಸೇರಿಸುತ್ತಾ ತಿರುಗಿಸಿದರೆ ಮತ್ತೆ ಕೂಡುತ್ತದೆ.

ಕಡಲೆಕಾಯಿ ಎಣ್ಣೆಯ ವಾಸನೆ ಮುಂದಾಗುತ್ತದೆ. ಕೊಬ್ಬರಿ ಎಣ್ಣೆ ಫ್ರಿಜ್ಜಿನಲ್ಲಿ ಕಲ್ಲಾಗುತ್ತದೆ. ಆಲಿವ್ ಎಣ್ಣೆ ಮಿಕ್ಸಿಯಲ್ಲಿ ತಿರುಗಿದರೆ ಕಹಿ ಬರುತ್ತದೆ. ಮಾಡಿದ್ದರಲ್ಲಿ ಮೂರನೇ ಒಂದು ಪಾಲಷ್ಟೇ ಇವತ್ತಿಗೆ ಬೇಕು, ಉಳಿದದ್ದು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ.

ಬರೀ ಮಯೋನೀಸಾದರೆ ಬಾಯಿಗೆ ಜಿಡ್ಡು. ಅದಕ್ಕೇ ಮೊಸರು. ನಂದಿನಿ ಪ್ಯಾಕೆಟ್ ಮೊಸರಾಗಲಿ ಮನೆಯದಾಗಲಿ, ಹುಳಿ ಬರದ ಮೊಸರು ಒಂದು ಲೋಟದಷ್ಟನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿ ಇಳಿಬಿಡಿ. ಇಳಿದ ನೀರು ಚಪಾತಿ ಹಿಟ್ಟು ಕಲೆಸಲು ಚೆನ್ನಾಗಿರುತ್ತದೆ.

ಕೂಡಿಸುವುದು

ಮಯೋನೀಸ್, ಕಟ್ಟಿದ ಮೊಸರು, ನಿಂಬೆರಸ, ಉಳಿದ ಒಂದು ಟೀ ಚಮಚ ಸಕ್ಕರೆ, ಸಾಸಿವೆ ಪುಡಿ, ಮೆಣಸು ಇಷ್ಟನ್ನೂ ಬೇರೆ ಬಟ್ಟಲಿನಲ್ಲಿ ಸಕ್ಕರೆ ಕರಗುವವರೆಗೆ ಕಲೆಸಿ. ಇದಕ್ಕೆ ಉಪ್ಪು ಹಾಕಬೇಡಿ, ಕೋಸಿನಲ್ಲಿ ಆಗಲೇ ಇದೆ. ಹಿಂಡಿದ ಕೋಸನ್ನು ಬೆರಳಿನಿಂದ ಬಿಡಿಬಿಡಿ ಮಾಡಿ, ಈರುಳ್ಳಿಯಿದ್ದರೆ ಅದನ್ನೂ ಸೇರಿಸಿ, ಮೊದಲು ಈ ಕೆನೆ ಮಿಶ್ರಣದ ಮುಕ್ಕಾಲು ಪಾಲು ಹಾಕಿ ಕಲೆಸಿ. ಎಳೆಗಳಿಗೆಲ್ಲ ತೆಳ್ಳಗೆ ಹತ್ತಿಕೊಂಡರೆ ಸಾಕು. ಉಳಿದದ್ದನ್ನು ನೋಡಿಕೊಂಡು ಹಾಕಿ.

ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. ಕಲೆಸಿದ ತಕ್ಷಣ ಹುಳಿ, ಸಿಹಿ, ಕೋಸು ಬೇರೆಬೇರೆಯಾಗಿ ನಾಲಿಗೆಗೆ ತಾಗುತ್ತವೆ. ಗಂಟೆ ಕಳೆದ ಮೇಲೆ ಒಂದಾಗಿರುತ್ತವೆ. ಉಪ್ಪು, ಹುಳಿ, ಸಿಹಿ ಸರಿ ಮಾಡಬೇಕಾದ್ದು ಆಗಲೇ, ಏಕೆಂದರೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಹತ್ತುತ್ತದೆ.

ಎರಡು ದಿನದೊಳಗೆ ಮುಗಿಸಿ. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಬಲಮುರಿಗೋ ಕೆಆರ್‌ಎಸ್‌ಗೋ ಬುತ್ತಿ ಕಟ್ಟುವುದಾದರೆ ಹಿಂಡಿದ ಕೋಸು ಒಂದು ಡಬ್ಬಿ, ಕೆನೆ ಒಂದು ಡಬ್ಬಿ, ಎರಡನ್ನೂ ಐಸ್ ಪ್ಯಾಕ್ ಜೊತೆ ಒಯ್ದು ತಿನ್ನುವಾಗ ಕಲೆಸಿ. ಡೀಪ್ ಫ್ರೀಜರಿಗೆ ಹಾಕಿದರೆ ಮಯೋನೀಸ್ ಒಡೆದು ಕೋಸು ಹಳಸಿದಂತೆ ಮೆತ್ತಗಾಗುತ್ತದೆ.

ಬ್ರೆಡ್ಡಿನ ನಡುವೆ, ಚಪಾತಿ ಸುರುಳಿಯೊಳಗೆ, ಕೋಳಿ ಫ್ರೈ ಪಕ್ಕದಲ್ಲಿ ಇದು ಸಲ್ಲುತ್ತದೆ. ಒಣಗಿದ ಗರಿಗರಿ ಮದ್ದೂರು ವಡೆಯ ಜೊತೆಗೂ ಇಟ್ಟು ನೋಡಿ. ವಡೆಯ ಮೇಲೆ ಸುರಿಯದೆ, ಪಕ್ಕದಲ್ಲಿ.