ಚೆಕ್ ಕೊಟ್ಟು ಸುಮ್ಮನಾಗಬೇಕು ಅಂದುಕೊಂಡಿದ್ದೆ

ನಾನು ಹಾರ್ಡ್‌ವೇರ್ ಸಾಮಾನಿನ ಸಗಟು ಕಂಪನಿಯೊಂದರ ಮ್ಯಾನೇಜರ್. ಸ್ಟಾಕು, ಬಿಲ್ಲು, ವಸೂಲಿ, ಯಾರಿಗೆ ಯಾವತ್ತು ರಜೆ, ಇಷ್ಟೇ ನನ್ನ ಪ್ರಪಂಚ. ಸ್ಕೌಟ್ ದಳದವರು ಮೊದಲ ಸಲ ದೇಣಿಗೆ ಕೇಳಲು ಬಂದಾಗ ಚೆಕ್ ಬರೆದು ಕಳಿಸಿದೆ. ಮರುವರ್ಷ ಮತ್ತೆ ಬಂದರು. ಹೋದ ಸಲದ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಕೇಳಿದೆ. ಅನುಮಾನ ಏನಿಲ್ಲ, ಅಭ್ಯಾಸಬಲ. ಸ್ಕೌಟ್ ಮಾಸ್ಟರ್ ಒಂದು ಚೀಲ ತೆಗೆದು ರಸೀದಿಗಳನ್ನು ಮೇಜಿನ ಮೇಲೆ ಸುರಿದರು. "ಎಲ್ಲಾ ಇಲ್ಲೇ ಇದೆ ಸಾರ್, ಬರೆದಿಡೋಕೆ ಜನ ಇಲ್ಲ" ಅಂದರು. ಹೀಗೆ ನಾನು ಖಜಾಂಚಿಯಾದೆ.

ಲೆಕ್ಕದ ಕೆಲಸ ಕಷ್ಟವಾಗಲಿಲ್ಲ. ಚೆಕ್ಕಿಗೆ ಇಬ್ಬರ ಸಹಿ, ಅದೂ ಒಂದೇ ಮನೆಯವರದ್ದಲ್ಲ. ಪುಸ್ತಕ ಬರೆಯುವವನು ನಾನು, ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುವವರು ಬೇರೊಬ್ಬರು. ಶಿಬಿರಕ್ಕೆಂದೇ ಬಂದ ದುಡ್ಡಿಗೆ ಬೇರೆ ಕಾಲಂ. ಹಗ್ಗವನ್ನು ನಮ್ಮ ಕಂಪನಿಯಿಂದಲೇ ಕೊಳ್ಳೋಣ ಎಂಬ ಮಾತು ಬಂದಾಗ ಎದ್ದು ಹೊರಗೆ ಹೋದೆ. ಕಡಿಮೆ ದರಕ್ಕೇ ಕೊಡುತ್ತಿದ್ದೆವು, ಆದರೂ ಆ ತೀರ್ಮಾನದಲ್ಲಿ ನಾನಿರಬಾರದು ಅಲ್ವಾ?

ಎಡವಿದ್ದು ಶಿಬಿರದಲ್ಲಿ. ಗೋದಾಮಿನ ಹಾಗೆಯೇ ನಡೆಸಲು ಹೋದೆ. ಯಾರು ಯಾವಾಗ ಏನು ಮಾಡಬೇಕು ಅಂತ ನಾನೇ ಪಟ್ಟಿ ಮಾಡಿದೆ. ಮಕ್ಕಳು ಕೈಕಟ್ಟಿ ನಿಂತು ಮುಂದಿನ ಆರ್ಡರ್‌ಗೆ ಕಾದರು. ಕೊನೆಯ ದಿನ ಮಳೆ. ಬಸ್ಸಿಗೆ ಹೊತ್ತಾಯಿತೆಂದು ಒದ್ದೆ ಟೆಂಟುಗಳನ್ನೇ ಸುತ್ತಿಸಿ, ಎಣಿಸಿ, ರಿಜಿಸ್ಟರಿನಲ್ಲಿ 'ಸರಿ ಇದೆ' ಎಂದು ಬರೆದೆ. ಎರಡು ವಾರ ಬಿಟ್ಟು ಬಿಚ್ಚಿದರೆ ಬಟ್ಟೆಯೆಲ್ಲಾ ಕಪ್ಪು ಬೂಷ್ಟು. ಎಣಿಕೆ ಮಾತ್ರ ಸರಿಯಿತ್ತು.

ಸ್ಕೌಟ್ ಮಾಸ್ಟರ್ ಬೈಯಲಿಲ್ಲ. "ಪೆಟ್ರೋಲ್‌ಗೆ ಬಿಡಿ ಸಾರ್" ಅಂದರು. ಬಂಕಿನ ಪೆಟ್ರೋಲ್ ಅಲ್ಲ. ಆರೆಂಟು ಮಕ್ಕಳ ಗುಂಪಿಗೆ ಅಲ್ಲಿ ಹಾಗನ್ನುತ್ತಾರೆ, ಅದಕ್ಕೆ ಅವರಲ್ಲೇ ಒಬ್ಬ ಲೀಡರ್. 1907ರಲ್ಲಿ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೂ ಹುಡುಗರನ್ನು ನಾಲ್ಕು ಗುಂಪು ಮಾಡಿ, ಒಂದೊಂದನ್ನೂ ಒಬ್ಬ ಹುಡುಗನ ಕೈಗೇ ಒಪ್ಪಿಸಿದ್ದರು.

ಮುಂದಿನ ಶಿಬಿರದಲ್ಲಿ ಬಾಯಿಗೆ ಬೀಗ ಹಾಕಿಕೊಂಡೆ. ಒಂದು ಗುಂಪು ಟೆಂಟಿನ ಗೂಟಗಳನ್ನೇ ಮರೆತು ಬಂದಿತ್ತು. ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಗೂಟ ಇತ್ತು. ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ವರ್ಷದ ನೌಕರಿಯಲ್ಲಿ ಅದಕ್ಕಿಂತ ಕಷ್ಟದ ಅರ್ಧ ಗಂಟೆ ಕಳೆದಿಲ್ಲ. ಅವರು ಜಗಳವಾಡಿದರು, ಆಮೇಲೆ ಬಿದ್ದ ಕೊಂಬೆಗಳನ್ನು ಕಡಿದು ಚೂಪು ಮಾಡಿ ನೆಟ್ಟರು. ಟೆಂಟು ಒಂದು ಕಡೆ ವಾಲಿತು, ಬೀಳಲಿಲ್ಲ. ಹೊರಡುವ ದಿನ ಹೇಳದೆಯೇ ಬಿಸಿಲಿಗೆ ಹರಡಿ ಒಣಗಿಸಿ ಮಡಚಿದರು.

ಆಫೀಸಿನಲ್ಲೂ ಒಂದು ಬದಲಾಯಿಸಿದೆ. ರಜೆ ಪಟ್ಟಿಯನ್ನು ಈಗ ಗೋದಾಮಿನ ಹುಡುಗರೇ ಕೂತು ಮಾಡುತ್ತಾರೆ. ಮೊದಲ ತಿಂಗಳು ಗಲಾಟೆ ಜಾಸ್ತಿ ಇತ್ತು, ಈಗ ಇಲ್ಲ.

ಗೂಟದ ಚೀಲ ಇನ್ನೂ ಡಿಕ್ಕಿಯಲ್ಲೇ ಇದೆ. ಮಕ್ಕಳಿಗೆ ಹೇಳಿಲ್ಲ.