‘ಪ್ರೊಫೆಷನ್’ ಬಂದಲ್ಲೆಲ್ಲ ‘ವೃತ್ತಿ’ ಹಾಕಿದರೆ

‘ಪ್ರೊಫೆಷನ್ ಆಫ್ ಫೇತ್’ಗೆ ‘ನಂಬಿಕೆಯ ವೃತ್ತಿ’, ‘ಪ್ರೊಫೆಸ್ಡ್ ಏಥೀಸ್ಟ್’ಗೆ ‘ವೃತ್ತಿಪರ ನಾಸ್ತಿಕ’. ಯಂತ್ರಾನುವಾದ ತಿದ್ದಲು ಕೂತಾಗ ನಾನು ಮೊದಲು ಹುಡುಕಿ ತೆಗೆಯುವುದು ಇಂಥವನ್ನೇ. ‘ಪ್ರೊಫೆಷನ್’ ಪದದ ಬೇರು ಲ್ಯಾಟಿನ್ನಿನ ‘ಪ್ರೊಫಿತೇರಿ’, ಅಂದರೆ ನಾಲ್ಕು ಜನರೆದುರು ಒಪ್ಪಿ ಹೇಳುವುದು. ಇಂಗ್ಲಿಷಿನಲ್ಲಿ ಅದು ಮೊದಲು ಸಂನ್ಯಾಸಿಗಳ ಪ್ರತಿಜ್ಞೆಗೆ ಬಳಕೆಯಾಯಿತು. ‘ಈ ವಿದ್ಯೆ ನನಗೆ ಗೊತ್ತು’ ಎಂದು ಸಾರಿಕೊಂಡವರ ಕೆಲಸಕ್ಕೆ ಅಂಟಿದ್ದು ಆಮೇಲೆ. ‘ಪ್ರೊಫೆಸರ್’ ಕೂಡ ಇದೇ ಬಳ್ಳಿಯ ಕಾಯಿ.

ಹಾಗಾಗಿ ಮೊದಲು ಕೇಳಿಕೊಳ್ಳುವುದು: ಇದು ಹೊಟ್ಟೆಪಾಡಿನ ಮಾತೋ, ಬಾಯಿಬಿಟ್ಟು ಹೇಳಿದ ಮಾತೋ?

ಹೊಟ್ಟೆಪಾಡಿನದಾದರೆ ‘ವೃತ್ತಿ’ ಸಾಕು, ಆದರೆ ಕಾನೂನಿನ ಪಠ್ಯದಲ್ಲಿ ಅಕ್ಕಪಕ್ಕದ ಪದಗಳನ್ನೂ ಮೊದಲೇ ಹಂಚಿಡಬೇಕು. ಇಷ್ಟದ ಕೆಲಸ ಮಾಡುವ ಹಕ್ಕು ಕೊಡುವ ಸಂವಿಧಾನದ 19(1)(ಜಿ)ಯಲ್ಲಿ ಪ್ರೊಫೆಷನ್, ಆಕ್ಯುಪೇಷನ್, ಟ್ರೇಡ್, ಬಿಸಿನೆಸ್ ಒಟ್ಟಿಗೇ ಬರುತ್ತವೆ. ನಾನು ವೃತ್ತಿ, ಕಸುಬು, ವ್ಯಾಪಾರ, ವ್ಯವಹಾರ ಎಂದು ಇಡುತ್ತೇನೆ. ಆಕ್ಯುಪೇಷನ್ನಿಗೆ ‘ಉದ್ಯೋಗ’ ಖರ್ಚು ಮಾಡಿಬಿಟ್ಟರೆ, ವೃತ್ತಿ ತೆರಿಗೆಯ 276ನೇ ವಿಧಿಯಲ್ಲಿ ‘ಎಂಪ್ಲಾಯ್‌ಮೆಂಟ್’ ಎದುರಾದಾಗ ಕೈ ಖಾಲಿ. ‘ಕಾಯಕ’ವನ್ನು ಇಲ್ಲಿಗೆ ಎಳೆಯುವುದಿಲ್ಲ, ಅದರ ಬೆನ್ನಿಗೆ ದಾಸೋಹ ಇದೆ, ತೆರಿಗೆ ಇಲ್ಲ. ‘ಮೆಡಿಕಲ್ ಪ್ರೊಫೆಷನ್ ವಿರೋಧಿಸಿತು’ ಎಂದಿದ್ದರೆ ವಿರೋಧಿಸಿದ್ದು ವೃತ್ತಿಯಲ್ಲ, ವೈದ್ಯ ಸಮುದಾಯ.

ಕಷ್ಟವಿರುವುದು ಎರಡನೆಯ ಬಗೆಯಲ್ಲಿ. 25ನೇ ವಿಧಿಯಲ್ಲಿ ಧರ್ಮವನ್ನು ‘ಪ್ರೊಫೆಸ್’ ಮಾಡುವುದು, ಆಚರಿಸುವುದು, ಪ್ರಚಾರ ಮಾಡುವುದು ಬೇರೆಬೇರೆ ಹಕ್ಕುಗಳಾಗಿ ನಿಂತಿವೆ. ಮೊದಲನೆಯದಕ್ಕೆ ‘ನಂಬುವ’ ಎಂದು ಬರೆದರೆ ಅರ್ಥ ಒಳಗೇ ಉಳಿಯುತ್ತದೆ. ಪಂಜಾಬರಾವ್–ಮೇಶ್ರಾಮ್ ಚುನಾವಣಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕ್ರಿಯಾಪದವನ್ನೇ ಬಿಡಿಸಿ ನೋಡಿ, ಸಂಬಂಧಪಟ್ಟವರಿಗೆ ತಿಳಿಯುವಂತೆ ಘೋಷಿಸುವುದು ಎಂದು ಅರ್ಥ ಹೇಳಿತು. ಅಂಥ ತೀರ್ಪು ಅನುವಾದಿಸುವಾಗ ‘ತಾನು ಈ ಧರ್ಮದವನೆಂದು ಬಹಿರಂಗವಾಗಿ ಹೇಳುವ’ ಎಂದೇ ಬರೆಯುತ್ತೇನೆ. ಉದ್ದವಾಯಿತು, ನಿಜ. ಆದರೆ ಇಡೀ ವಾದ ನಿಂತಿರುವುದೇ ಆ ‘ಬಹಿರಂಗ’ದ ಮೇಲೆ.

ಕ್ಯಾಥೊಲಿಕ್ ಬರಹದಲ್ಲಿ ‘ಸಿಸ್ಟರ್ 1962ರಲ್ಲಿ ಪ್ರೊಫೆಸ್ಡ್’ ಎಂದಿದ್ದರೆ ‘ವ್ರತ ಸ್ವೀಕರಿಸಿದರು’ ಎನ್ನಬೇಕು. ಮೊದಲ ವ್ರತವೋ, ಆಜೀವ ವ್ರತವೋ ಎಂದು ಮೂಲದಲ್ಲಿ ಹುಡುಕಬೇಕು, ಏಕೆಂದರೆ ಎರಡರ ನಡುವೆ ಕೆಲವು ವರ್ಷಗಳ ಅಂತರವಿರುತ್ತದೆ. ಇಸವಿ ತಪ್ಪುವುದು ಇಲ್ಲೇ. ಮುಸ್ಲಿಮರ ‘ಪ್ರೊಫೆಷನ್ ಆಫ್ ಫೇತ್’ಗೆ ಹೊಸ ಪದ ಕಟ್ಟುವ ಅಗತ್ಯವಿಲ್ಲ, ‘ಕಲಿಮಾ’ ಎಂದರೆ ಸಾಕು.

ಇನ್ನು ‘ಪ್ರೊಫೆಸ್ಡ್’ನಲ್ಲಿ ಕೆಲವೊಮ್ಮೆ ಅಡಗಿರುವ, ಹೇಳಿದ್ದು ನಿಜವೋ ಎಂಬ ಅನುಮಾನ. ಕನ್ನಡದ ‘-ಕೊಳ್ಳು’ ಅದನ್ನು ಸದ್ದಿಲ್ಲದೆ ಹೊರುತ್ತದೆ. ‘ತಾನು ಸಮಾಜವಾದಿ ಎಂದು ಹೇಳಿದ’ ಎಂಬುದು ವರದಿ. ‘ಹೇಳಿಕೊಂಡ’ ಎಂದೊಡನೆ ಓದುಗನ ಹುಬ್ಬು ಸ್ವಲ್ಪ ಮೇಲೇರುತ್ತದೆ. ಮೂಲ ಲೇಖಕರಿಗೆ ಅನುಮಾನವಿಲ್ಲದಿದ್ದರೆ ‘ಹೇಳಿದ’, ‘ಸಾರಿದ’, ಇದ್ದರೆ ‘ಹೇಳಿಕೊಂಡ’, ಅನುಮಾನ ಗಟ್ಟಿಯಾಗಿದ್ದರೆ ಮಾತ್ರ ‘ತೋರಿಕೆಯ’.