ಚದರದ ಲೆಕ್ಕಕ್ಕೆ ಸಿಗದ ಏಳು ಲಕ್ಷ

ದಾವಣಗೆರೆಯಲ್ಲಿ ನಮ್ಮದು 30×40 ಸೈಟು. 2022ರ ಫೆಬ್ರವರಿಯಲ್ಲಿ ಗುದ್ದಲಿ ಪೂಜೆ ಮಾಡಿದೆವು. ಸರಿಯಾಗಿ ಒಂದು ವರ್ಷಕ್ಕೆ ಹಾಲು ಉಕ್ಕಿಸಿದೆವು. ಒಂದೇ ಅಂತಸ್ತು, ಒಂಬತ್ತೂವರೆ ಚದರ. ಇಂಜಿನಿಯರ್ ಕೊಟ್ಟ ಎಸ್ಟಿಮೇಟ್ 18 ಲಕ್ಷ, ನಮಗೆ ಖರ್ಚಾಗಿದ್ದು ಹತ್ತಿರ ಹತ್ತಿರ 25 ಲಕ್ಷ. ಇಂಜಿನಿಯರ್ ಸುಳ್ಳು ಹೇಳಿರಲಿಲ್ಲ. ಗೋಡೆ, ತಾರಸಿ, ಗಾರೆ, ಟೈಲ್ಸು, ವೈರಿಂಗು, ಪೇಂಟು ಎಲ್ಲ ಅವರು ಹೇಳಿದ ಆಸುಪಾಸಿನಲ್ಲೇ ಮುಗಿಯಿತು. ಮಿಕ್ಕ ಏಳು ಲಕ್ಷದ ವಿಷಯ ನಾವು ಯಾರನ್ನೂ ಕೇಳಿರಲಿಲ್ಲ. ಮನೆ ಕಟ್ಟಲು ಹೊರಟವರಿಗೆ ಅದು ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು "ಚದರಕ್ಕೆ ಎಷ್ಟು?" ಅಂತಲೇ. ಒಂದು ಚದರ ಅಂದರೆ 100 ಚದರಡಿ. ಮೆಟೀರಿಯಲ್ ಸಮೇತ ಚದರಕ್ಕೆ 1,85,000 ಅಂತ ಒಬ್ಬರು ಗುತ್ತಿಗೆದಾರರು ಹೇಳಿದರು. ಅದರಲ್ಲಿ ಏನೇನು ಬರುತ್ತದೆ ಅಂತ ಪಟ್ಟಿ ಬರೆದುಕೊಡಿ ಅಂದೆ. ಒಂದು ವಾರ ಕಾದರೂ ಪಟ್ಟಿ ಬರಲಿಲ್ಲ. ಆಮೇಲೆ ಕೂಲಿ ಗುತ್ತಿಗೆ ಮಾತ್ರ ಒಬ್ಬ ಮೇಸ್ತ್ರಿಗೆ ಕೊಟ್ಟೆವು, ಚದರಕ್ಕೆ 35,000. ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ನಾವೇ ತರುವುದು. ನನಗೆ ಅಕೌಂಟ್ಸ್ ಕೆಲಸ, ಸಂಜೆ ಐದೂವರೆಗೆ ಬಿಡುವು ಸಿಗುತ್ತದೆ. ಹಾಗಾಗಿ ಧೈರ್ಯ ಮಾಡಿದೆ. ದಿನಕ್ಕೆ ಎರಡು ಸಲ ಸೈಟಿಗೆ ಹೋಗಲು ಆಗದವರು ಈ ದಾರಿ ಹಿಡಿಯಬೇಡಿ. ಉಳಿತಾಯಕ್ಕಿಂತ ಪೋಲಾಗುವುದೇ ಜಾಸ್ತಿ.

ಕೈಯಲ್ಲಿ 6 ಲಕ್ಷ ಇತ್ತು, ಬ್ಯಾಂಕಿನಲ್ಲಿ 14 ಲಕ್ಷ ಸಾಲ ಮಂಜೂರಾಯಿತು. 18ಕ್ಕೆ 20 ಇದೆ, ಎರಡು ಲಕ್ಷ ಉಳಿಯುತ್ತದೆ ಅಂದುಕೊಂಡು ನೆಮ್ಮದಿಯಾಗಿದ್ದೆವು.

ಮೊದಲ ಪೆಟ್ಟು ನೆಲದ ಕೆಳಗೇ ಬಿತ್ತು. ನಮ್ಮ ಸೈಟು ಎರೆ ಮಣ್ಣಿನದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಅಡಿ ಪಾಯ ಅಂತ ಎಸ್ಟಿಮೇಟ್‌ನಲ್ಲಿತ್ತು. ಆರೂವರೆ ಅಡಿ ಹೋದ ಮೇಲೆ ಗಟ್ಟಿ ನೆಲ ಸಿಕ್ಕಿತು. ತೆಗೆದ ಎರೆ ಮಣ್ಣನ್ನು ವಾಪಸ್ ತುಂಬುವ ಹಾಗಿಲ್ಲ, ಹೊರಗಿನಿಂದ ಗರಸು ತರಿಸಬೇಕು. ಅಗೆತ, ಹೆಚ್ಚಿನ ಕಾಂಕ್ರೀಟು, ಗರಸು ಎಲ್ಲ ಸೇರಿ 1,35,000. ನಾವಂದುಕೊಂಡ ಎರಡು ಲಕ್ಷದ ಉಳಿತಾಯದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಭಾಗ ಗೋಡೆ ಏಳುವ ಮುಂಚೆಯೇ ಹೋಯಿತು. ಪ್ಲಾನ್ ಮಾಡಿಸುವ ಮುಂಚೆ ಜೆಸಿಬಿ ಕರೆಸಿ ಸೈಟಿನ ಎರಡು ಮೂಲೆಯಲ್ಲಿ ಗುಂಡಿ ತೆಗೆಸಿ ನೋಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಒಂದು ಗಂಟೆಯ ಬಾಡಿಗೆ ಅಷ್ಟೇ.

ಅವತ್ತು ರಾತ್ರಿ ಹೆಂಡತಿ 200 ಪುಟದ ನೋಟ್‌ಬುಕ್ ತಂದು ಮುಂದೆ ಇಟ್ಟಳು. "ರೀ, ಮನೆ ಲೆಕ್ಕ ಬಿಡಿ. ಮನೆ ಅಲ್ಲದ್ದೆಲ್ಲ ಮೊದಲು ಬರೀರಿ" ಅಂದಳು. ಇಬ್ಬರೂ ಕೂತು ಬರೆದೆವು. ಸಂಪ್, ಆರಡಿ ಉದ್ದ, ಆರಡಿ ಅಗಲ, ಎಂಟಡಿ ಆಳ: 78,000. ಕಾಂಪೌಂಡು ಮತ್ತು ಗೇಟು: 1,15,000. ಪ್ಲಾನ್ ಮಂಜೂರಾತಿ, ಒಂದು ಪರ್ಸೆಂಟ್ ಕಾರ್ಮಿಕ ಸೆಸ್, ಸಾಲದ ಪೇಪರ್ ಖರ್ಚು: 60,000. ಲೈಟು, ನಲ್ಲಿ, ಯುಜಿಡಿ (ಒಳಚರಂಡಿ) ಕನೆಕ್ಷನ್: 45,000. ಗುದ್ದಲಿ ಪೂಜೆ, ಬಾಗಿಲು ನಿಲ್ಲಿಸುವ ಶಾಸ್ತ್ರ, ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕಿದ ದಿನದ ಊಟ, ಕೆಲಸದವರಿಗೆ ಬಟ್ಟೆ, ಗೃಹಪ್ರವೇಶ: 1,20,000. ಇವು ಆಮೇಲೆ ನಿಜವಾಗಿ ಆದ ಖರ್ಚು. ಅವತ್ತು ಅಂದಾಜಿನಲ್ಲಿ ಬರೆದಿದ್ದು ಇದಕ್ಕಿಂತ ಸ್ವಲ್ಪ ಕಮ್ಮಿ. ಕೊನೆಗೆ ಅವಳೇ ಇನ್ನೊಂದು ಸಾಲು ಸೇರಿಸಿದಳು. ಒಂದು ವರ್ಷದ ಬಾಡಿಗೆ, ತಿಂಗಳಿಗೆ 8,000, ಒಟ್ಟು 96,000. ಅದರ ಜೊತೆಗೆ ಮನೆ ಮುಗಿಯುವ ತನಕ ಬ್ಯಾಂಕಿಗೆ ಕಟ್ಟುವ ಬರೀ ಬಡ್ಡಿ. ಅದೊಂದು 48,000 ಆಯಿತು. ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಹೋಗುವ ಆ ತಿಂಗಳುಗಳೇ ಸಂಬಳದವರಿಗೆ ತುಂಬಾ ಕಷ್ಟ. ಪಾಯದ 1,35,000 ಸೇರಿಸಿದರೆ ಮೊತ್ತ 6,97,000.

ಆ ನೋಟ್‌ಬುಕ್ಕೇ ನಮ್ಮನ್ನು ದಡ ಸೇರಿಸಿತು. ಪ್ರತಿ ಬಾಬತ್ತಿಗೆ ಒಂದು ಪುಟ. ಅಂದಾಜು, ಕೊಟ್ಟಿದ್ದು, ಬಾಕಿ, ಯಾವ ತಿಂಗಳು ಬೇಕು, ಇಷ್ಟೇ ಕಲಂ. ನಾಲ್ಕನೇ ಕಲಂ ನಾನು ತಡವಾಗಿ ಸೇರಿಸಿದೆ. ಅದರಿಂದ ಆದ ನಷ್ಟ ಹೇಳುತ್ತೇನೆ.

ಬ್ಯಾಂಕ್ ಸಾಲ ಒಮ್ಮೆಲೇ ಬರುವುದಿಲ್ಲ. ನಮಗೆ ಪಾಯ ಮುಗಿದ ಮೇಲೆ 3.5 ಲಕ್ಷ, ತಾರಸಿ ಆದ ಮೇಲೆ 4.5, ಗಾರೆ ಆದ ಮೇಲೆ 4, ಕೊನೆಗೆ 2. ಅಂದರೆ ಕೆಲಸ ಮೊದಲು, ದುಡ್ಡು ಆಮೇಲೆ. ಗೋಡೆ ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟಕ್ಕೆ ಬರುವಷ್ಟರಲ್ಲಿ ಮೊದಲ ಕಂತು ಖಾಲಿ. ತಾರಸಿಗೆ ಕಬ್ಬಿಣ, ಸಿಮೆಂಟು, ಸೆಂಟ್ರಿಂಗು (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊರುವ ಅಚ್ಚು), ಕೂಲಿ ಎಲ್ಲ ಒಟ್ಟಿಗೆ, ಹತ್ತಿರ ಹತ್ತಿರ ಮೂರು ಲಕ್ಷ ಬೇಕು. ಕೈಯಲ್ಲಿ ಇದ್ದಿದ್ದು 40,000. ಸೆಂಟ್ರಿಂಗ್ ಶೀಟು ಬಂದು ಬಿದ್ದಿದೆ, ಬಾಡಿಗೆ ಓಡುತ್ತಿದೆ. ಹೆಂಡತಿಯ ಬಳೆ, ಸರ ಅಡವಿಟ್ಟು 2 ಲಕ್ಷ ತಂದೆವು. ಎರಡು ಲಕ್ಷದ ಚೀಟಿಯನ್ನು ಅವಸರಕ್ಕೆ ಕೂಗಿ ಎತ್ತಿದ್ದಕ್ಕೆ ಕೈಗೆ ಬಂದಿದ್ದು ಒಂದೂವರೆ ಲಕ್ಷ. ಅಲ್ಲೇ 50,000 ಹೋಯಿತು. ಎರಡು ತಿಂಗಳ ಮುಂಚೆ ಪಿಎಫ್‌ಗೆ ಅರ್ಜಿ ಹಾಕಿದ್ದರೆ ಆ ನಷ್ಟ ತಪ್ಪುತ್ತಿತ್ತು. ಮನೆ ಕಟ್ಟಲು ಪಿಎಫ್ ದುಡ್ಡು ತೆಗೆಯಬಹುದು ಅನ್ನೋದು ನನಗೆ ಗೊತ್ತಿತ್ತು, ಯಾವಾಗ ಬೇಕಾಗುತ್ತದೆ ಅನ್ನೋದು ಗೊತ್ತಿರಲಿಲ್ಲ. ಆಮೇಲೆ ಗಾರೆ ಹೊತ್ತಿಗೆ ಅದರಿಂದಲೇ ಒಂದೂವರೆ ಲಕ್ಷ ತೆಗೆದೆ. ಒಂದು ಹಂತಕ್ಕೆ ಬೇಕಾಗುವಷ್ಟು ದುಡ್ಡು ಯಾವಾಗಲೂ ಬ್ಯಾಂಕಿನ ಕಂತಿಗಿಂತ ಮುಂಚೆ ನಿಮ್ಮ ಕೈಯಲ್ಲಿ ಇರಲೇಬೇಕು.

ಕಬ್ಬಿಣದ ವಿಷಯದಲ್ಲಿ ಕಾದಿದ್ದು ಒಳ್ಳೆಯದಾಯಿತು. ಎಸ್ಟಿಮೇಟ್‌ನಲ್ಲಿ ಕೆಜಿಗೆ 64 ರೂಪಾಯಿ ಇತ್ತು. ಫೆಬ್ರವರಿ ಕೊನೆಗೆ ಉಕ್ರೇನ್ ಯುದ್ಧ ಶುರುವಾಗಿ, ಏಪ್ರಿಲ್‌ನಲ್ಲಿ ಅಂಗಡಿಗೆ ಹೋದಾಗ 82. ಇನ್ನೂ ಏರುತ್ತದೆ, ಪೂರ್ತಿ ತಗೊಂಡುಬಿಡಿ ಅಂದರು. ದುಡ್ಡಿರಲಿಲ್ಲ, ಪಿಲ್ಲರಿಗೆ ಬೇಕಾದಷ್ಟೇ ತಂದೆವು. ಮೇ 22ರಿಂದ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿತು, ಬೆಲೆ ಇಳಿಯಿತು. ತಾರಸಿ ಹೊತ್ತಿಗೆ 68ಕ್ಕೆ ಸಿಕ್ಕಿತು. ಇನ್ನೊಂದು ಕಡೆ ಬಡ್ಡಿ ಏರಿತು. ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 2022ರ ಏಪ್ರಿಲ್‌ನಲ್ಲಿ 4 ಪರ್ಸೆಂಟ್ ಇದ್ದಿದ್ದು ಮರುವರ್ಷ ಫೆಬ್ರವರಿಗೆ 6.5 ಆಯಿತು. ನಮ್ಮ ಸಾಲದ ಬಡ್ಡಿ 6.9ರಿಂದ 9.4ಕ್ಕೆ ಹೋಯಿತು. 20 ವರ್ಷಕ್ಕೆ 10,770 ಅಂತ ಲೆಕ್ಕ ಹಾಕಿದ್ದ ಇಎಂಐ 12,960 ಆಯಿತು. ಈಗ ಸಾಲ ತೆಗೆಯುವವರು ಇವತ್ತಿನ ಬಡ್ಡಿಯ ಮೇಲೆ ಎರಡು ಪರ್ಸೆಂಟ್ ಸೇರಿಸಿ, ಆ ಇಎಂಐ ಕಟ್ಟಲು ಆಗುತ್ತದಾ ಅಂತ ನೋಡಿಕೊಳ್ಳಿ. ಒಂದು ಸಮಾಧಾನ ಅಂದರೆ ನಮ್ಮ ಕಾಲದಲ್ಲಿ ಸಿಮೆಂಟಿಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ.

ಎಂ-ಸ್ಯಾಂಡ್ ಪಾಠ ಕಲಿಸಿದ್ದು ಮೇಸ್ತ್ರಿ. ಒಂದು ಬೆಳಿಗ್ಗೆ ಟಿಪ್ಪರ್ ಬಂತು. ಡ್ರೈವರ್ ತೂಕದ ಚೀಟಿ ಕೈಗಿಟ್ಟ. ಹಿಂದಿನ ಬಾಗಿಲ ಸಂದಿಯಿಂದ ನೀರು ತೊಟತೊಟ ಸೋರುತ್ತಿತ್ತು, ರಸ್ತೆ ಮೇಲೆ ಉದ್ದಕ್ಕೂ ಅದರದೇ ಗೆರೆ. ಮೇಸ್ತ್ರಿ ಮೇಲೆ ಹತ್ತಿ ಒಂದು ಹಿಡಿ ತಗೊಂಡು ಹಿಂಡಿದರು. ಕೈ ಬಿಟ್ಟರೂ ಉಂಡೆ ಒಡೆಯಲಿಲ್ಲ, ಬೆರಳ ಸಂದಿಯಲ್ಲಿ ನೀರು ಇಳಿಯಿತು. "ಸಾರ್, ತೂಕದಲ್ಲಿ ತಗೊಂಡ್ರೆ ನೀರಿಗೆ ದುಡ್ಡು ಕೊಡ್ತೀರಿ. ಅಡಿ ಲೆಕ್ಕದಲ್ಲಿ ತಗೊಂಡ್ರೆ, ಹಸಿ ಮರಳು ಉಬ್ಬಿರುತ್ತೆ, ಆ ಉಬ್ಬಿಗೂ ದುಡ್ಡು ಕೊಡ್ತೀರಿ. ಸೋರೋ ಗಾಡಿ ಇಳಿಸ್ಕೊಬೇಡಿ" ಅಂದರು. ಆ ಲೋಡ್ ವಾಪಸ್ ಕಳಿಸಿದೆ. ಮುಂದಿನ ಲೋಡುಗಳನ್ನು ನಮ್ಮ ಏರಿಯಾದ ವೇಬ್ರಿಡ್ಜ್‌ನಲ್ಲಿ ತೂಗಿಸಿಯೇ ಇಳಿಸಿಕೊಂಡೆವು.

ಕಬೋರ್ಡು, ವಾರ್ಡ್‌ರೋಬು ಆಗ ಮಾಡಿಸಲಿಲ್ಲ. ಅದು ತಪ್ಪು ಅಂತ ಅನಿಸಿಲ್ಲ. ಕಡಪ ಕಲ್ಲಿನ ಶೆಲ್ಫ್ ಕೂರಿಸಿ ಬಿಟ್ಟೆವು, ಬಾಗಿಲು ಒಂದೂವರೆ ವರ್ಷದ ಮೇಲೆ ಬಂತು. ಆದರೆ ವೈರಿಂಗ್ ಪೈಪು, ನಲ್ಲಿ ಪೈಪು, ಮೇಲಂತಸ್ತಿಗೆ ಬೇಕಾದ ಪಿಲ್ಲರ್ ಕಂಬಿ, ಇವುಗಳಲ್ಲಿ ಒಂದು ರೂಪಾಯಿಯೂ ಹಿಡಿಯಲಿಲ್ಲ. ಗೋಡೆಯೊಳಗೆ ಹೋಗಿದ್ದನ್ನು ಆಮೇಲೆ ಒಡೆದು ಸರಿಮಾಡಲು ಎರಡರಷ್ಟು ಬೇಕು.

ಮೇಸ್ತ್ರಿ ಕೂಲಿಯಲ್ಲಿ 16,000 ಉಳಿಸಿಕೊಂಡಿದ್ದೆವು. ಮೊದಲ ಮಳೆ ಬಿದ್ದ ಮೇಲೆ ಕೊಡುತ್ತೇವೆ ಅಂತ ಮೊದಲ ದಿನವೇ ಒಪ್ಪಂದ ಆಗಿತ್ತು, ಅವರಿಗೂ ಬೇಸರ ಇರಲಿಲ್ಲ. 2023ರ ಜೂನ್‌ನಲ್ಲಿ ಜೋರು ಮಳೆ ಬಂದಾಗ ಮೆಟ್ಟಿಲ ಹೆಡ್‌ರೂಮ್ ಮೂಲೆಯಲ್ಲಿ ಅಂಗೈಯಗಲ ಒದ್ದೆ ಕಂಡಿತು. ಫೋನ್ ಮಾಡಿದೆ. ಮರುದಿನವೇ ಬಂದು, ಮೂಲೆ ಕೆತ್ತಿ, ವಾಟರ್‌ಪ್ರೂಫ್ ಪುಡಿ ಕಲಸಿದ ಗಾರೆ ಹಾಕಿ, ಮೇಲೆ ಗೋಣಿಚೀಲ ಹಾಸಿ ನೀರು ಹೊಡೆದು ಹೋದರು. ಮುಂದಿನ ಮಳೆಗೆ ಮೂಲೆ ಒಣಗಿಯೇ ಇತ್ತು. ಅವತ್ತೇ ಸಂಜೆ ಅವರ ಮನೆಗೆ ಹೋಗಿ 16,000 ಕೊಟ್ಟು ಬಂದೆ. ನೋಟ್‌ಬುಕ್ಕಿನ ಬಾಕಿ ಕಲಂನಲ್ಲಿ ಕೊನೆಯ ಸೊನ್ನೆಯನ್ನು ಹೆಂಡತಿ ಬರೆದಳು.